ಸುರಗಿ ಪದಕ್ಕೊಂದು ಪೆಡಲ್

ನನ್ನ ತಮ್ಮ ಯಂಕಣ್ಣನ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಹಿಂದೆಯೇ ಸಿಟ್ಟು ಬರುತ್ತದೆ. ಸುರಪುರದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಅವನದೊಂದು ಟೇಲರ್ ಅಂಗಡಿ. ದಿನಾಲೂ ಹೆಂಗಸರ ಜಂಪರ್, ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾನೆ. ಮದುವೆಯ ಕಾಲ ಬಂತೆಂದರೆ ಕತ್ತರಿ ಮೂಲೆಗೆಸೆದು ಗಿಟಾರು ಹೆಗಲಿಗೇರಿಸುತ್ತಾನೆ. ನಾನು ಮೋನಮ್ಮ, ಅವನ ಅಕ್ಕ, ಶಹಾಪುರದಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಮಕ್ಕಳನ್ನು ಗದರಿಸಿ ಗದರಿಸಿ ನನ್ನ ಬಾಯಿ ಜೋರಾಗಿದೆ. ಬರೆಯುವಾಗಲೂ ಅದು ಮೆತ್ತಗಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮೂಲ ಊರು ಕಕ್ಕೇರಾ. ಕಾಲುವೆಯ ನೀರು ನಮ್ಮ ಸೀಮೆಗೆ ಮೊದಲ ಸಲ ಹರಿದು ಬಂದ ದಿನವೇ ಯಂಕಣ್ಣ ಹುಟ್ಟಿದ. ಊರಿಗೆ ಊರೇ ನೀರು ನೋಡಲು ಓಡಿತ್ತು. ಸೂಲಗಿತ್ತಿಯೂ ಓಡಿದ್ದಳು! ಅವ್ವ ಒಬ್ಬಳೇ ಹೆತ್ತಳು. “ಇಂವ ಹುಟ್ಟಿ ಎಷ್ಟ ಚೀರಿದ್ರೂ ಒಬ್ಬರಿಗೂ ಕೇಳಸ್ಲಿಲ್ಲ ನೋಡು” ಎಂದು ಅವ್ವ ಇವತ್ತಿಗೂ ನಗುತ್ತಾಳೆ. ಆ ನೀರಿನಿಂದ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಮದುವೆಗಳು ಹಿರಿದಾದವು. ಈಗ ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟಾಗ ಮದುವೆಯ ಮಾತುಕತೆ, ನೀರು ಬಂದ್ ಮಾಡಿದಾಗ ಮದುವೆ. ಎರಡನೆಯ ಬೆಳೆ ಕೊಯ್ದು ಮುಗಿಸಿದ ಮಂದಿ ಪೆಂಡಾಲ್ ಹೊಡೆಸಿ, ಆಳೆತ್ತರದ ಸ್ಪೀಕರ್ ನಿಲ್ಲಿಸಿ, ಹಾಡುವವರನ್ನು ಕರೆಸುತ್ತಾರೆ.

ಓದು ತಲೆಗೆ ಹತ್ತದ ಯಂಕಣ್ಣನನ್ನು ಅಪ್ಪ ಸುರಪುರದ ಸುಲ್ತಾನಸಾಬರ ಅಂಗಡಿಗೆ ಹಚ್ಚಿದ. ಸುಲ್ತಾನಸಾಬರು ಕೈಹಿಡಿದು ಹೊಲಿಗೆ ಕಲಿಸಿದರು. ಅದೇ ಅಂಗಡಿಗೆ ಶಹಾಪುರದ ರಸಮಂಜರಿ ತಂಡದ ಗಿಟಾರಿನವನೊಬ್ಬ ಮಿರಿಮಿರಿ ಅಂಗಿ ಹೊಲಿಸಲು ಬರುತ್ತಿದ್ದ. ಅಂಗಿ ತಯಾರಾಗುವ ತನಕ ಅವನು ಗಿಟಾರು ಮೀಟುವುದು, ನನ್ನ ತಮ್ಮ ಕಾಜಾ ಹಾಕುವುದು ಬಿಟ್ಟು ಬಾಯಿ ತೆರೆದು ನೋಡುವುದು. ಮುಂದೆ ಆ ಮನುಷ್ಯನಿಗೆ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಸೈದಾಪುರದಲ್ಲಿ ಮನೆ ಮಾಡಿದ. ಹೋಗುವಾಗ, “ತಗೋ, ಇದನ್ನ ನನಗಿಂತ ನೀನ ಹೆಚ್ಚ ನೋಡಿದಿ” ಎಂದು ಗಿಟಾರನ್ನು ಇವನ ಕೈಗಿಟ್ಟ. ಅವತ್ತು ಯಂಕಣ್ಣ ಊಟ ಮಾಡಲಿಲ್ಲ, ಗಿಟಾರನ್ನು ತೊಡೆಯ ಮೇಲಿಂದ ಇಳಿಸಲೂ ಇಲ್ಲ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಕೆಲವು ವರ್ಷಗಳ ಹಿಂದೆ ಹೈದರಾಬಾದಿನಿಂದ ಒಂದು ಡಬ್ಬಿ ತಂದ. ಡಿಜಿಟಲ್ ಪ್ರೊಸೆಸರ್ ಅಂತೆ. ಗಿಟಾರಿನ ವೈರು ಅದರೊಳಗೆ ಹೋಗುತ್ತದೆ, ಅಲ್ಲಿಂದ ಸ್ಪೀಕರಿಗೆ. ಒಂದು ಬಟನ್ ತುಳಿದರೆ ಖಾಲಿ ಗೋದಾಮಿನಲ್ಲಿ ಬಾರಿಸಿದ ಹಾಗೆ ಮಾರ್ದನಿ, ಇನ್ನೊಂದು ತುಳಿದರೆ ಗರಗರ. ಊರ ಹುಡುಗರೆಲ್ಲ ಹುಚ್ಚೆದ್ದು ಕುಣಿದರು. ನಮ್ಮ ಅವ್ವ ತಿಮ್ಮವ್ವ ಮಾತ್ರ ಕಿವಿಗೆ ಸೆರಗು ತುರುಕಿಕೊಂಡು ಕೂತಳು.

ಅವ್ವನೂ ಹಾಡುವವಳೇ. ಸುತ್ತಲಿನ ಊರುಗಳಲ್ಲಿ ಸುರಗಿ ಪದ ಅಂದರೆ ತಿಮ್ಮವ್ವ. ಮದುಮಗಳನ್ನು ನಾಲ್ಕು ತಂಬಿಗೆಗಳ ನಡುವೆ ಮಣೆಯ ಮೇಲೆ ಕೂರಿಸಿ, ತಂಬಿಗೆಗಳಿಗೆ ನೂಲು ಸುತ್ತಿ, ನೀರೆರೆಯುವುದೇ ಸುರಗಿ. ನಮ್ಮ ಬಳಗದಲ್ಲಿ ಅದಕ್ಕೊಂದು ಕಟ್ಟುಪಾಡಿದೆ. ಹಾಡುವವಳು ಒಂದೊಂದು ನುಡಿಗೆ ಒಬ್ಬೊಬ್ಬ ಬಂಧುವಿನ ಹೆಸರು ಹಿಡಿದು ಕರೆಯಬೇಕು. ಕರೆಸಿಕೊಂಡವರು ಬಂದು ನೀರು ಹಾಕಬೇಕು. ಎಲ್ಲರಿಗೂ ಕೊನೆಗೆ ಮದುಮಗಳ ಸೋದರಮಾವ. ಹೆಸರು ಬರದಿದ್ದರೆ ಎಂಥ ಹತ್ತಿರದವರೂ ಏಳುವ ಹಾಗಿಲ್ಲ. ಆಸ್ತಿಯ ಪಾಲು ತಪ್ಪಿದರೆ ತಡೆದುಕೊಂಡಾರು, ಸುರಗಿ ಪದದಲ್ಲಿ ಹೆಸರು ತಪ್ಪಿದರೆ ನಮ್ಮವರು ತಡೆದುಕೊಳ್ಳುವುದಿಲ್ಲ.

ಆದದ್ದೂ ಅದೇ. ಕಾಕನ ಮಗಳ ಮದುವೆಯಲ್ಲಿ ಅವ್ವ ಹಾಡಿದಳು, ಯಂಕಣ್ಣ ಡಬ್ಬಿ ಹಚ್ಚಿ ಬಾರಿಸಿದ. ವಯಸ್ಸಿನಿಂದ ಅವ್ವನ ದನಿ ತೆಳ್ಳಗಾಗಿದೆ, ಇವನಿಗೋ ಮೈಮೇಲೆ ಎಚ್ಚರವಿಲ್ಲ. ಅವ್ವನ ತಮ್ಮ, ನಮ್ಮ ಗುರಪ್ಪ ಮಾವ, ಕಕ್ಕೇರಾದಿಂದ ಹೊಸ ಧೋತರ ಉಟ್ಟು ಬಂದವನು, ತಂಬಿಗೆ ಹಿಡಿದು ತಯಾರಾಗಿ ನಿಂತಿದ್ದ. ಅವ್ವ ಅವನ ಹೆಸರು ಹಿಡಿದಳು. ಅದೇ ಗಳಿಗೆಗೆ ಗಿಟಾರು ಗರ್ರ್ ಎಂದಿತು. ಹೆಸರು ಅದರೊಳಗೆ ಹೂತುಹೋಯಿತು. ಮುಂದಿನ ನುಡಿ ಬಂತು, ಮುಂದಿನವರು ನೀರು ಹಾಕಿದರು. ತುಂಬಿದ ತಂಬಿಗೆ ಹಿಡಿದು ನಿಂತ ಗುರಪ್ಪ ಮಾವ ಅದನ್ನು ಕೆಳಗಿಟ್ಟ, ಊಟ ಮಾಡದೆ ಬಸ್ಸು ಹತ್ತಿದ. “ನಮ್ಮಕ್ಕ ಮಂದ್ಯಾಗ ನನ್ನ ಬಿಟ್ಟ ಹಾಡಿದ್ಲು” ಎಂದು ಊರೆಲ್ಲ ಹೇಳಿಕೊಂಡು ಬಂದ. ನಿನ್ನ ಹೆಸರು ಹಾಡಿದೆ ಎಂದು ಅವ್ವ ಎಷ್ಟು ಹೇಳಿದರೂ ನಂಬಲೊಲ್ಲ.

ಅವ್ವ ಅವತ್ತೇ ಆಣೆ ಹಾಕಿದಳು. “ಇನ್ ಮ್ಯಾಲ ಆ ಡಬ್ಬಿ ಇದ್ದ ಅಂಗಳದಾಗ ನಾ ಬಾಯಿ ತೆರಿಯಂಗಿಲ್ಲ. ನನ್ನ ತವರ ಮುರದ ಡಬ್ಬಿ ಅದು.”

ಇಂಥ ಹೊತ್ತಿನಲ್ಲಿ ನನ್ನ ಮಗಳು ಮರಿಲಿಂಗಮ್ಮನ ಮದುವೆ ಗೊತ್ತಾಯಿತು. ಹುಡುಗಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಹಟ ಎಲ್ಲಿಗೆ ಹೋಗುತ್ತದೆ? “ಆಯಿ ಹಾಡಬೇಕು, ಮಾಮಾ ಬಾರಿಸಬೇಕು. ಒಬ್ಬರಿಲ್ಲಂದ್ರೂ ನಾ ಸುರಗಿಗೆ ಕೂಡಂಗಿಲ್ಲ” ಎಂದಳು. ಯಂಕಣ್ಣನನ್ನು ಕರೆದು, ಈ ಒಂದು ಮದುವೆಗೆ ಸುಮ್ಮನಿದ್ದುಬಿಡಪ್ಪ ಎಂದೆ. ಅವನ ಮುಖ ಸಣ್ಣದಾಯಿತು.

“ಅಕ್ಕ, ಊರ ಮಂದಿ ಹಾಡಿಗೆಲ್ಲ ಬಾರಿಸೀನಿ. ನಮ್ಮವ್ವನ ಹಾಡಿಗಿ ಒಮ್ಮಿನೂ ನೆಟ್ಟಗ ಬಾರಿಸಿಲ್ಲ. ಅಕಿಗಿ ವಯಸ್ಸಾಗ್ಯಾದ. ಈ ಮದಿವಿ ಹೋದ್ರ ಮತ್ತ್ಯಾವಾಗ ಬಾರಿಸ್ಲಿ?”

ಸುಮ್ಮನಿರು ಎನ್ನುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂರಿಸಬೇಕಾದರೆ ಹೆಸರು ಬರುವಾಗ ಗಿಟಾರು ಇಳಿಯಬೇಕು, ಹೆಸರು ಮುಗಿದು ಹೆಂಗಸರೆಲ್ಲ ಕೂಡಿ ಸೊಲ್ಲು, ಅಂದರೆ ಪಲ್ಲವಿ, ಹೇಳುವಾಗ ಏರಬೇಕು. ಗಿಟಾರಿನ ಮೇಲೊಂದು ತಿರುಪು ಇದೆಯಲ್ಲ, ತಿರುಗಿಸು ಎಂದೆ. “ಎರಡೂ ಕೈ ತಂತಿ ಮ್ಯಾಲ ಇರತಾವಕ್ಕ, ಮೂರನೇ ಕೈ ಎಲ್ಲಿಂದ ತರ್ಲಿ?” ಎಂದ. ಕೈ ಇಲ್ಲದಿದ್ದರೇನು, ಕಾಲಿದೆ ಎಂದು ಒಂದು ವಾಲ್ಯೂಮ್ ಪೆಡಲ್ ತರಿಸಿದ. ಪಾದದಷ್ಟೇ ಉದ್ದದ, ಮುಂದಕ್ಕೂ ಹಿಂದಕ್ಕೂ ಬಾಗುವ ಹಲಗೆ. ಗಿಟಾರಿನ ದನಿ ಅದರೊಳಗೇ ಹಾದು ಡಬ್ಬಿಗೆ ಹೋಗುತ್ತದೆ. ಹಿಮ್ಮಡಿ ಒತ್ತಿದರೆ ದನಿ ಇಳಿಯುತ್ತದೆ, ಬೆರಳ ಕಡೆ ಒತ್ತಿದರೆ ಏರುತ್ತದೆ. ಇಷ್ಟು ಸರಳ.

ಆದರೆ ಇಪ್ಪತ್ತೈದು ವರ್ಷ ಹೊಲಿಗೆ ಮಷೀನು ತುಳಿದ ಕಾಲದು! ಪಾದದ ಕೆಳಗೆ ಬಾಗುವ ಹಲಗೆ ಸಿಕ್ಕಿದ್ದೇ ತಡ, ಅವನಿಗೇ ಗೊತ್ತಿಲ್ಲದೆ ಕಾಲು ತುಳಿಯತೊಡಗಿತು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಗಿಟಾರು ಗುಂಯ್ ಎಂದು ಏರುವುದು, ಉಸ್ ಎಂದು ಇಳಿಯುವುದು. ಢೋಲಕ್ ಬಾರಿಸುವ ಖಂಡಪ್ಪ ಇವನ ಅಂಗಡಿಯ ಪಕ್ಕದಲ್ಲೇ ಮೊಬೈಲ್ ರಿಪೇರಿ ಮಾಡುತ್ತಾನೆ. ಅವನು ಢೋಲಕ್ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೇ ಯಂಕ್ಯಾ, ಗಿಟಾರ್ ಬಾರಿಸಾಕತ್ತಿಯೋ, ಜಂಪರ್ ಹೊಲಿಯಾಕತ್ತಿಯೋ?”

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟೇ ಅಂತ ನನಗೆ ಆಗ ತಿಳಿಯಿತು. ಚಪ್ಪಲಿ ಬಿಟ್ಟು ನೋಡಿದ. ಕಾಲು ಬದಲಿಸಿ ನೋಡಿದ. ಮಷೀನು ತುಳಿಯಲು ಎರಡೂ ಕಾಲು ಬೇಕಲ್ಲ, ಎಡಗಾಲು ಬಲಗಾಲಿಗಿಂತ ಚುರುಕು. ಅಳತೆಯ ಟೇಪಿನಿಂದ ಪಾದವನ್ನು ಸ್ಟೂಲಿಗೆ ಕಟ್ಟಿಕೊಂಡ. ಕಾಲಿನ ಜೊತೆ ಸ್ಟೂಲೂ ಕುಣಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ತಮ್ಮ ಪೆಡಲ್ಲೇ ಸರಿಯಿಲ್ಲ ಎಂದ. ಅದನ್ನು ವಾಪಸ್ ಕೊಟ್ಟು ಎಕ್ಸ್‌ಪ್ರೆಶನ್ ಪೆಡಲ್ ಎಂಬ ಇನ್ನೊಂದನ್ನು ತಂದ.

ನೋಡಲು ಎರಡೂ ಅಣ್ಣತಮ್ಮಂದಿರೇ. ಆದರೆ ಈ ಎರಡನೆಯದರೊಳಗೆ ಗಿಟಾರಿನ ದನಿ ಹೋಗುವುದಿಲ್ಲ. ಗಿಟಾರು ನೆಟ್ಟಗೆ ಡಬ್ಬಿಗೆ, ಪೆಡಲ್ಲಿನಿಂದ ಬೇರೆಯೇ ಒಂದು ವೈರು ಡಬ್ಬಿಗೆ. ಹಲಗೆ ಎಷ್ಟು ಬಾಗಿದೆ ಎಂಬ ಸುದ್ದಿ ಮಾತ್ರ ಅದರಲ್ಲಿ ಹೋಗುತ್ತದೆ. ಆ ಸುದ್ದಿ ಬಂದಾಗ ಏನು ಮಾಡಬೇಕೆಂದು ಡಬ್ಬಿಗೆ ಮೊದಲೇ ಹೇಳಿಡಬಹುದು: ಬೇಕಾದರೆ ಮಾರ್ದನಿ ಹೆಚ್ಚಿಸು, ಬೇಕಾದರೆ ದನಿ ಏರಿಸು, ಎಷ್ಟು ಇಳಿದರೂ ಇಷ್ಟಿರಲಿ, ಎಷ್ಟು ಏರಿದರೂ ಇಷ್ಟು ಸಾಕು. ಯಂಕಣ್ಣ ಬುದ್ಧಿವಂತಿಕೆ ಮಾಡಿ, ಕಾಲು ಎಷ್ಟು ಕುಣಿದರೂ ಗೊತ್ತಾಗದಂತೆ ಕೆಳಗಿನ ಗೆರೆಯನ್ನೂ ಮೇಲಿನ ಗೆರೆಯನ್ನೂ ಹತ್ತಿರ ಹತ್ತಿರ ಇಟ್ಟ. ಗುಂಯ್ ಉಸ್ ನಿಂತಿತು. ದನಿ ಏರುವುದೂ ಇಳಿಯುವುದೂ ಅದರ ಜೊತೆಗೇ ನಿಂತಿತು.

“ಹಂಗಾದ್ರ ಪೆಡಲ್ ಯಾಕ ಬೇಕಪ್ಪ? ಕಾಲ ಕೆಳಗ ಒಂದು ಇಟ್ಟಂಗಿ ಇಟ್ಕೋ” ಎಂದ ಖಂಡಪ್ಪ.

ಮತ್ತೆ ಗೆರೆ ಬದಲಿಸಿದ. ಹಿಮ್ಮಡಿಯ ಕಡೆ ಪೂರ್ತಿ ಸೊನ್ನೆ, ಬೆರಳ ಕಡೆ ಪೂರ್ತಿ ದನಿ. ಮತ್ತೆ ಜಂಪರ್ ಹೊಲಿಗೆ ಶುರುವಾಯಿತು.

ಒಂದು ರವಿವಾರ ನಾನು ಲಗ್ನಪತ್ರಿಕೆ ಹಿಡಿದು ಸುರಪುರಕ್ಕೆ ಹೋದಾಗ ತಮ್ಮನ ಮನೆಯ ಅಂಗಳದಲ್ಲಿ ಇದೇ ನಡೆದಿತ್ತು, ಖಂಡಪ್ಪನೂ ಇದ್ದ. ಅವ್ವ ಮೂಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗುಂಯ್ ಉಸ್, ಗುಂಯ್ ಉಸ್. ಅವಳ ಹುಬ್ಬು ಗಂಟಿಕ್ಕಿದ್ದು ನನಗೆ ಕಾಣುತ್ತಿತ್ತು. ಒಮ್ಮೆಲೇ ಮೊರ ಕೆಳಗಿಟ್ಟು ಎದ್ದು ಬಂದಳು.

“ತಲಿ ತಿನಬ್ಯಾಡಲೇ, ಸುಮ್ಮಿರು!” ಎಂದು ಅವನ ಕಾಲನ್ನು ತನ್ನ ಕಾಲಿನಿಂದಲೇ ಸರಿಸಿ, ಸಿಟ್ಟಿನಿಂದ ಹಿಮ್ಮಡಿ ಊರಿ ಪೆಡಲ್ ತುಳಿದಳು.

ಗಿಟಾರು ತೆಪ್ಪಗಾಯಿತು. ಅಂಗಳದಲ್ಲಿ ಗುಬ್ಬಿಯ ಸದ್ದು ಕೇಳಿಸಿತು. ಅವ್ವನಿಗೇ ಗಾಬರಿಯಾಯಿತು.

“ಏನಾತು? ಮುರೀತೇನು?”

“ಮುರದಿಲ್ಲಬೇ. ನೀ ಹಿಮ್ಮಡ ಒತ್ತಿದಿ, ಬಂದಾತು” ಎಂದ ಯಂಕಣ್ಣ.

“ನಾ ಒತ್ತಿದ್ದಕ್ಕ?”

ಅವ್ವ ಕಾಲು ನೋಡಿದಳು, ಮಗನ ಮುಖ ನೋಡಿದಳು. “ಬಾರಸು ನೋಡೂನು” ಎಂದಳು. ಅವನು ಬಾರಿಸಿದ; ಸದ್ದಿಲ್ಲ. ಮೆಲ್ಲಗೆ ಬೆರಳು ಒತ್ತಿದಳು. ದನಿ ಎದ್ದು ಬಂತು. ಹಿಮ್ಮಡಿ ಒತ್ತಿದಳು, ಹೋಯಿತು. ಮತ್ತೆ ಒತ್ತಿದಳು, ಮತ್ತೆ ಹೋಯಿತು. ಸೆರಗು ಬಾಯಿಗೆ ಹಿಡಿದು ನಗತೊಡಗಿದಳು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಯ್ಯ ನನ್ನವ್ವನ! ಇದರ ಬಾಯಿ ಇಲ್ಲೇ ಅದ ಅಂತ ಮೊದಲ ಯಾಕ ಹೇಳ್ಲಿಲ್ಲಲೇ?”

ನಗು ನಿಲ್ಲಿಸಿ ತೀರ್ಪು ಕೊಟ್ಟಳು. “ಇದು ನನ್ನ ಕಾಲಾಗ ಇರ್ಲಿ. ಹಂಗಿದ್ರ ಹಾಡತೀನಿ.”

“ಆಯಿ, ಅದು ಬಾರಿಸವ್ರ ಕಾಲಾಗ ಇರೂದ್ರಿ” ಎಂದ ಖಂಡಪ್ಪ.

“ಯಾಕ? ಹೆಸರ ಹಿಡದ ಕರಿಯಾಕಿ ನಾನು. ಯಾರ ಹೆಸರ ಯಾವಾಗ ಬರತದಂತ ಅವಗೇನು ಗೊತ್ತು?”

ಅವ್ವನ ಮಾತಿನಲ್ಲಿ ತಪ್ಪೇನಿತ್ತು?

ಯಂಕಣ್ಣ ಮಾತ್ರ ಮಂಕಾಗಿಬಿಟ್ಟ. ನನ್ನನ್ನು ಬಸ್ಸು ಹತ್ತಿಸಲು ಬಂದವನು ದಾರಿಯುದ್ದಕ್ಕೂ ಗೊಣಗಿದ. “ಗಾಡಿ ಹೊಡ್ಯಾಂವ ಒಬ್ಬ, ಬ್ರೇಕ್ ಇನ್ನೊಬ್ಬರ ಕಾಲಾಗ. ಇಂಥಾದ್ದು ಎಲ್ಲೆರ ನೋಡಿಯೇನಕ್ಕ? ಅಕಿಗಿ ಇನ್ನಾ ನನ್ನ ಮ್ಯಾಲ ಸಿಟ್ಟದ. ಸುರಗಿ ಮುಗಿಯೂ ತನಕ ಹಿಮ್ಮಡ ಎತ್ತಲೇ ಇಲ್ಲಂದ್ರ? ಎಲ್ಲಾರ ಮುಂದ ನಾ ಬರೇ ತಂತಿ ಕೆರಕೋತ ಕೂಡಬೇಕು.”

“ಅವ್ವನ ಹಾಡ ಬೇಕೋ, ನಿನ್ನ ಸದ್ದ ಬೇಕೋ?” ಎಂದು ಗದರಿದೆ.

“ಎರಡೂ ಬೇಕಕ್ಕ” ಎಂದ, ಮೂರನೆಯ ಇಯತ್ತೆಯ ಹುಡುಗರು ಹೇಳುವ ಹಾಗೆ. ಅಕ್ಕ ಅನಿಸಿಕೊಂಡವಳು ಕರಗಿದ್ದನ್ನು ತೋರಿಸಬಾರದು ಎಂದು ಬಸ್ಸು ಹತ್ತಿ, ಆಚೆ ಬದಿಯ ಕಿಟಕಿಯ ಕಡೆ ತಿರುಗಿ ಕೂತೆ.

ಗೊಣಗಿದರೂ ಕೆಲಸ ಬಿಡಲಿಲ್ಲ, ಅದು ಅವನ ಗುಣ. ಪೆಡಲ್ಲಿನ ವೈರು ಗಿಡ್ಡದಿತ್ತು. ಅವ್ವ ಕಟ್ಟೆಯ ಮೇಲೆ, ಇವನು ಅಂಗಳದ ಆ ತುದಿಗೆ ಕೂರಬೇಕಾದರೆ ಉದ್ದದ್ದು ಬೇಕು. ಯಾದಗಿರಿಗೆ ಹೋಗಿ ಗಿಟಾರಿಗೆ ಹಾಕುವ ಉದ್ದನೆಯ ವೈರನ್ನೇ ತಂದು ಸಿಕ್ಕಿಸಿದ. ಪೆಡಲ್ ಹುಚ್ಚುಹುಚ್ಚಾಗಿ ಆಡಿತು. ಇದ್ದರೆ ಗರ್ಜನೆ, ಇಲ್ಲದಿದ್ದರೆ ಮೌನ, ನಡುವೆ ಏನೂ ಇಲ್ಲ. ಖಂಡಪ್ಪ ಬಿಚ್ಚಿ ನೋಡಿ, ಗಿಟಾರಿನ ವೈರಿನಲ್ಲಿ ಒಂದೇ ಎಳೆ, ಈ ಪೆಡಲ್ಲಿಗೆ ಎರಡು ಎಳೆ ಬೇಕು ಎಂದ. ಮೈಕಿನ ವೈರು ಕತ್ತರಿಸಿ, ತುದಿಗಳಿಗೆ ಬೇರೆ ಪಿನ್ನು ಬೆಸುಗೆ ಹಾಕಿ ಕೊಟ್ಟ. ಆಮೇಲೆ ಅವ್ವನ ಕಾಲಿನಿಂದಲೇ ಪೂರ್ತಿ ಹಿಮ್ಮಡಿ, ಪೂರ್ತಿ ಬೆರಳು ಒತ್ತಿಸಿ ಡಬ್ಬಿಗೆ ಆ ಕಾಲಿನ ಗುರುತು ಹಿಡಿಸಿದರು. ಸುರಗಿಯ ನೀರು ಸಿಡಿದರೆ ಕೆಡಬಾರದೆಂದು ಯಂಕಣ್ಣ ಪೆಡಲ್ಲಿಗೊಂದು ರೆಕ್ಸಿನ್ ಕುಲಾವಿ ಹೊಲಿದ. ಅದರ ಅಂಚಿಗೆ ಜರಿ ಬೇರೆ!

ನಾನು ಕಕ್ಕೇರಾಕ್ಕೆ ಹೋಗಿ ಗುರಪ್ಪ ಮಾವನಿಗೆ ಕುಂಕುಮ ಹಚ್ಚಿ ಕರೆದೆ. “ಬರತೀನಿ. ನಿನ್ನ ಮಗಳ ಮದಿವಿ, ಬರದ ಇರತೀನೇನು? ಆದ್ರ ತಂಬಿಗಿ ಮುಟ್ಟಂಗಿಲ್ಲ” ಎಂದ. ಅವನ ಅಕ್ಕನಿಗೆ ತಕ್ಕ ತಮ್ಮ.

ಕಾಲುವೆ ಬಂದ್ ಆದ ಮೇಲಿನ ಒಂದು ಮುಂಜಾನೆ, ಶಹಾಪುರದ ನಮ್ಮ ಅಂಗಳದಲ್ಲಿ ಸುರಗಿ. ಮರಿಲಿಂಗಮ್ಮ ಅರಿಷಿಣ ಮೆತ್ತಿಕೊಂಡು ಮಣೆಯ ಮೇಲೆ ಕೂತಿದ್ದಳು. ಅವ್ವ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಮುಂದೆ ಮೈಕು, ಕಾಲಡಿಗೆ ಜರಿಯಂಚಿನ ಪೆಡಲ್ ಇಟ್ಟುಕೊಂಡು ಮಹಾರಾಣಿಯ ಹಾಗೆ ಕೂತಳು. ಎದುರಿನ ತುದಿಯಲ್ಲಿ ಯಂಕಣ್ಣ, ಖಂಡಪ್ಪ. ಗುರಪ್ಪ ಮಾವ ಬಾಗಿಲ ಹತ್ತಿರ, ಕೈ ಕಟ್ಟಿ, ಬೇರೆ ಕಡೆ ನೋಡುತ್ತ ನಿಂತಿದ್ದ.

ಅವ್ವ ಹಾಡು ಎತ್ತಿದಳು. ದೇವರ ನುಡಿ ಮುಗಿಯಿತು, ಹಿರಿಯರ ನುಡಿ ಶುರುವಾಯಿತು. ನನ್ನ ಅತ್ತೆ ಅಯ್ಯಮ್ಮ ಬಂದು ನೀರು ಹಾಕಿದರು, ನಾದಿನಿ ದೇವಕಮ್ಮ ಹಾಕಿದಳು. ಒಂದೊಂದು ಹೆಸರೂ ಓಣಿಯ ಆ ತುದಿಯ ತನಕ ಕೇಳಿಸುತ್ತಿತ್ತು. ಗಿಟಾರು ಮಾತ್ರ ಇಲ್ಲ. ಯಂಕಣ್ಣನ ಬೆರಳು ತಂತಿಯ ಮೇಲೆ ಓಡುತ್ತಿವೆ, ಸ್ಪೀಕರಿನಿಂದ ಒಂದು ಸದ್ದೂ ಹೊರಡಲೊಲ್ಲದು. ಅವ್ವನ ಹಿಮ್ಮಡಿ ಊರಿದ್ದು ಊರಿದಂತೆಯೇ ಇದೆ. “ಗಿಟಾರಿನ ಕರೆಂಟ್ ಹೋಗ್ಯಾದೇನು?” ಎಂದು ಯಾರೋ ಕಿಸಕ್ಕೆಂದರು. ತಮ್ಮನ ಕಿವಿ ಕೆಂಪಾದವು. ಬಾರಿಸುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ನನಗೆ ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹೋಗಿ ಆ ಕಾಲು ಹಿಡಿದು ಎತ್ತಿಬಿಡಲೇ ಅನಿಸಿತು. ಕಣ್ಣು ಬಿಟ್ಟು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲೇ ಇಲ್ಲ, ಬಾಗಿಲ ಕಡೆ ನೋಡುತ್ತಿದ್ದಳು.

ಹೊಸ ನುಡಿ ಎತ್ತಿದಳು. ತವರಿನ ದಾರಿ, ತವರಿನ ಹೊಲ, ತವರಿನ ತಮ್ಮ. ಖಂಡಪ್ಪ ತಿಳಿದವನು, ಢೋಲಕ್ ಮೇಲೆ ಅಂಗೈ ಇಟ್ಟು ಸುಮ್ಮನಾದ. ಆ ಮೌನದಲ್ಲಿ ಅವ್ವ ‘ಗುರಪ್ಪ’ ಎಂದು ಹೆಸರು ಹಿಡಿದಳು. ಮಾವ ಅಲುಗಲಿಲ್ಲ. ಇನ್ನೊಮ್ಮೆ ಹಿಡಿದಳು, ಎಳೆದು, ಉಸಿರು ತೀರುವ ತನಕ. ಮಾವ ಕಟ್ಟಿದ ಕೈ ಬಿಟ್ಟ, ಹೆಗಲ ಮೇಲಿನ ಟವೆಲ್‌ನಿಂದ ಮೂಗು ಒರೆಸಿಕೊಂಡ, ನೆಟ್ಟಗೆ ಬಂದು ತಂಬಿಗೆ ಎತ್ತಿದ. “ಕೇಳಸ್ತಬೇ ಅಕ್ಕ, ಕೇಳಸ್ತು, ಸಾಕು ಮಾಡು” ಎನ್ನುತ್ತ ಮೊಮ್ಮಗಳ ತಲೆಗೆ ನೀರು ಸುರಿದ.

ಅವನ ನೀರು ನೆಲ ಮುಟ್ಟುವಷ್ಟರಲ್ಲಿ ಅವ್ವನ ಪಾದ ಬಾಗಿತು. ಗಿಟಾರು ಮೆಲ್ಲಗೆ ಎದ್ದಿತು. ಎಲ್ಲಿಂದ ಬಂತೆಂದು ಗೊತ್ತಾಗದ ಹಾಗೆ ಹೆಂಗಸರ ಸೊಲ್ಲಿನ ಕೆಳಗೆ ಸೇರಿ, ಅದನ್ನು ಹೊತ್ತು ಮೇಲೇರಿತು. ಅಂಗಳವೆಲ್ಲ ಹೋ ಎಂದಿತು. ಅಲ್ಲಿಂದ ಮುಂದೆ ಕೇಳಬೇಡಿ! ಹೆಸರು ಬಂದಾಗ ಇಳಿಸುತ್ತಾಳೆ, ನೀರು ಬಿದ್ದಾಗ ಏರಿಸುತ್ತಾಳೆ. ಯಂಕಣ್ಣ ಅವಳ ಪಾದವನ್ನೇ ನೋಡುತ್ತ, ಹಲ್ಲು ಕಿರಿಯುತ್ತ ಬಾರಿಸಿದ. ತಾಯಿ ಮಗ ಒಂದೇ ವಾದ್ಯವನ್ನು ಬಾರಿಸುವುದನ್ನು ನಾನು ಅವತ್ತೇ ನೋಡಿದ್ದು. ನನಗೆ ಅಳು ಬಂತು, ಮದುಮಗಳ ತಾಯಿ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ ಎಂದು ಧಾರಾಳವಾಗಿ ಅತ್ತೆ.

ಕೊನೆಯ ನುಡಿ ಸೋದರಮಾವನದು, ಅಂದರೆ ಯಂಕಣ್ಣನದೇ. ಅವ್ವ ಹಿಮ್ಮಡಿ ಒತ್ತಿದಳು, ಗಿಟಾರು ಇಳಿಯಿತು. ಹಾಡಿನಲ್ಲೇ ಸೋದರಮಾವ ಬರುವ ದಾರಿಗೆ ಹೂ ಹಾಸಿದಳು, ಅವನ ತಂಬಿಗೆಗೆ ಹೊಳೆಯ ನೀರು ತುಂಬಿದಳು. ಎಲ್ಲರೂ ಹೆಸರಿಗೆ ಕಾದರು. ಅವನು ಬಾರಿಸುತ್ತಲೇ ಕತ್ತು ನಿಮಿರಿಸಿ ಕಾದ.

ಹೆಸರು ಬರಬೇಕಾದ ಕಡೆ ಅವ್ವ ಬಾಯಿ ಮುಚ್ಚಿದಳು. ಪಾದವನ್ನು ಬೆರಳ ತುದಿಯ ತನಕ ಬಾಗಿಸಿ ಪೂರ್ತಿ ಒತ್ತಿದಳು.

ಗಿಟಾರು ಅಂಗಳ ತುಂಬಿ, ಮಾಳಿಗೆ ದಾಟಿ, ಓಣಿಗೆಲ್ಲ ಹಬ್ಬಿತು. ಅದೊಂದೇ. ಅದರ ಮೇಲೆ ಯಾರ ಹಾಡೂ ಇಲ್ಲ. ಯಂಕಣ್ಣನಿಗೆ ತಿಳಿಯಲಿಲ್ಲ, ಕಂಗಾಲಾಗಿ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಬಾರಿಸುತ್ತಲೇ ಇದ್ದ. ಹೆಸರಿಲ್ಲದೆ ಏಳುವ ಹಾಗಿಲ್ಲವಲ್ಲ.

ಗುರಪ್ಪ ಮಾವ ಬಾಗಿಲ ಹತ್ತಿರದಿಂದ ಒದರಿದ. “ಅಕಿ ಗಿಟಾರದಾಗ ಕರದದ್ದು ಊರಿಗೆಲ್ಲ ಕೇಳಸ್ತಲೇ, ನಿನಗ ಕೇಳಸ್ಲಿಲ್ಲೇನು? ಏಳು!”

ಯಂಕಣ್ಣ ಕೊನೆಯ ಸಲ ತಂತಿಗಳನ್ನು ಮೀಟಿ, ಗಿಟಾರನ್ನು ಖಂಡಪ್ಪನ ಮಡಿ‌ಲಿಗಿಟ್ಟು ಎದ್ದ. ಅವನು ತಂಬಿಗೆ ಎತ್ತಿದಾಗಲೂ ಸ್ಪೀಕರಿನಲ್ಲಿ ಗಿಟಾರಿನ ದನಿ ಗುಂಯ್‌ಗುಡುತ್ತಲೇ ಇತ್ತು. ಅವ್ವ ಇನ್ನೂ ಕಾಲು ತೆಗೆದಿರಲಿಲ್ಲ.